ಪ್ರಯೋಗದ ಹುಚ್ಚಿಗೂ ಲೆಕ್ಕದಲ್ಲೊಂದು ಸಾಲು

(ವಸ್ತ್ರವಿನ್ಯಾಸ ಕಲಿಯುತ್ತಿರುವವರು ಮತ್ತು ಸ್ವಂತ ಲೇಬಲ್, ಅಂದರೆ ಸ್ವಂತ ಉಡುಪಿನ ಬ್ರ್ಯಾಂಡ್, ಶುರುಮಾಡಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಫ್ಯಾಷನ್ ಡಿಸೈನರ್ ಆಗಲು ಹೊರಟವರಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಮನಸ್ಸಿಗೆ ಬಂದದ್ದನ್ನು ಮಾಡು, ದುಡ್ಡು ಹಿಂದೆಯೇ ಬರುತ್ತದೆ ಎನ್ನುವವರು ಕೆಲವರು. ಮೊದಲು ಮಾರಾಟವಾಗುವ ಮಾಲು ಮಾಡು, ಕಲೆಯನ್ನು ಆಮೇಲೆ ನೋಡಿಕೊಳ್ಳಬಹುದು ಎನ್ನುವವರು ಇನ್ನು ಕೆಲವರು. ಎರಡನ್ನೂ ನಂಬಿ ಕೆಟ್ಟವರಿದ್ದಾರೆ. ಮೊದಲನೆಯದನ್ನು ನಂಬಿದವರು ಮೂರನೆಯ ಸೀಸನ್ನಿಗೆ ಸಾಲದಲ್ಲಿರುತ್ತಾರೆ. ಎರಡನೆಯದನ್ನು ನಂಬಿದವರ ಉಡುಪು ಪಕ್ಕದ ಹ್ಯಾಂಗರಿನ ಉಡುಪಿನಂತೆಯೇ ಇರುತ್ತದೆ. ಆಗ ಉಳಿಯುವುದು ಬೆಲೆಯ ಪೈಪೋಟಿ ಮಾತ್ರ, ಅದರಲ್ಲಿ ದೊಡ್ಡ ಕಾರ್ಖಾನೆಯ ಎದುರು ಸಣ್ಣ ಸ್ಟುಡಿಯೊ ಗೆಲ್ಲುವುದಿಲ್ಲ.

ಇವತ್ತು ನಾವು ಹೇಳಬೇಕೆಂದಿರುವುದು ಇಷ್ಟು. ಹೊಸತನ್ನು ಹುಡುಕುವುದಕ್ಕೆ ಖರ್ಚಿದೆ. ಆ ಖರ್ಚಿಗೆ ಲೆಕ್ಕದ ಪುಸ್ತಕದಲ್ಲಿ ಅದರದ್ದೇ ಆದ ಒಂದು ಸಾಲು, ಒಂದು ಮಿತಿ ಇರಬೇಕು. ಸಾಲು ಕೊಡದಿದ್ದ ಮಾತ್ರಕ್ಕೆ ಖರ್ಚು ನಿಲ್ಲುವುದಿಲ್ಲ. ಅದು ಬಟ್ಟೆಯ ಲೆಕ್ಕದೊಳಗೆ, ಕೂಲಿಯ ಲೆಕ್ಕದೊಳಗೆ, ಬಾಡಿಗೆಯೊಳಗೆ ನುಸುಳಿಕೊಂಡು ಕೊನೆಗೆ ಡಿಸೈನರ್‌ನ ಸ್ವಂತ ಸಂಬಳವನ್ನು ನುಂಗುತ್ತದೆ.

ಪ್ರತಿಭೆ ಇದ್ದರೆ ಉಳಿದದ್ದು ತಾನಾಗಿ ನಡೆಯುತ್ತದೆ ಅನ್ನುವುದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಸೊಂಟ ಬಿಗಿಯುವ ಒಳ ಉಡುಪಾದ ಕಾರ್ಸೆಟ್ಟಿನ ಬಿಗಿತದಿಂದ ಹೆಂಗಸರ ಉಡುಪನ್ನು ಬಿಡಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಪ್ಯಾರಿಸ್ಸಿನ ಡಿಸೈನರ್ ಪಾಲ್ ಪ್ವಾರೆ ಅವರ ಫ್ಯಾಷನ್ ಸಂಸ್ಥೆ 1929ರಲ್ಲಿ ಬಾಗಿಲು ಹಾಕಿತು. 1944ರಲ್ಲಿ ಅವರು ಬಡತನದಲ್ಲಿ ತೀರಿಕೊಂಡರು. ಡಿಸೈನರ್ ಚಾರ್ಲ್ಸ್ ಜೇಮ್ಸ್ ಅವರ ಬಾಲ್ ಗೌನುಗಳು ಇಂದು ಮ್ಯೂಸಿಯಮ್ಮಿನ ಗಾಜಿನೊಳಗಿವೆ. ಅವರು ಕೊನೆಯ ವರ್ಷಗಳನ್ನು ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನಲ್ಲಿ ಹಣದ ಮುಗ್ಗಟ್ಟಿನಲ್ಲೇ ಕಳೆದರು. ಫ್ರೆಂಚ್ ಡಿಸೈನರ್ ಕ್ರಿಸ್ಟಿಯಾನ್ ಲಾಕ್ರುವಾ ಅವರ ಕೂಟೂರ್ (ಅಳತೆಗೆ ತಕ್ಕಂತೆ ಹೊಲಿಯುವ ದುಬಾರಿ ಉಡುಪಿನ) ಸಂಸ್ಥೆ 1987ರಲ್ಲಿ ದೊಡ್ಡ ಬಂಡವಾಳದೊಂದಿಗೆ ಶುರುವಾಗಿ, ವಿಮರ್ಶಕರ ಮೆಚ್ಚುಗೆ ಎಷ್ಟಿದ್ದರೂ ಲಾಭ ಕಾಣದೆ 2009ರಲ್ಲಿ ಕೋರ್ಟಿನ ರಕ್ಷಣೆ ಕೇಳಬೇಕಾಯಿತು. ಇವರಲ್ಲಿ ಯಾರಿಗೂ ಕೈಚಳಕ ಕಡಿಮೆ ಇರಲಿಲ್ಲ.

ಒಂದು ಕೋಟಿನ ಅಸಲು

ಮಾತನ್ನು ಗಟ್ಟಿ ಮಾಡಿಕೊಳ್ಳಲು ಒಂದೇ ಒಂದು ಉಡುಪನ್ನು ಮೇಜಿನ ಮೇಲೆ ಇಡೋಣ. ಮೊಣಕಾಲಿನವರೆಗೆ ಬರುವ, ಲೈನಿಂಗ್ ಇರುವ ಉಣ್ಣೆಯ ಕೋಟು. ಯಾವ ನಾಣ್ಯವಾದರೂ ಆಗಲಿ, ಹೊರಬಟ್ಟೆಗೆ ಮೀಟರಿಗೆ 10 ಎಂದು ಇಟ್ಟುಕೊಳ್ಳಿ. ಉಳಿದ ಅಂಕಿಗಳೆಲ್ಲ ಅದಕ್ಕೆ ಹೊಂದಿಕೊಂಡ ಅಂಕಿಗಳು, ನಿಮ್ಮ ಲೆಕ್ಕಕ್ಕೆ ನಿಮ್ಮ ಅಂಕಿ ಹಾಕಿಕೊಳ್ಳಬಹುದು.

150 ಸೆಂಟಿಮೀಟರ್ ಅಗಲದ ಬಟ್ಟೆಯ ಮೇಲೆ ಪ್ಯಾಟರ್ನಿನ, ಅಂದರೆ ಉಡುಪು ಕತ್ತರಿಸುವ ಅಚ್ಚಿನ, ತುಂಡುಗಳನ್ನು ಹರಡಿದರೆ 2.6 ಮೀಟರ್ ಹಿಡಿಯುತ್ತದೆ. ಆದರೆ ಕೊಳ್ಳಬೇಕಾದದ್ದು 2.6 ಅಲ್ಲ. ಥಾನಿನ ಕೊನೆಯ ತುಂಡು, ನೇಯ್ಗೆಯ ದೋಷ, ಆವಿ ಕೊಟ್ಟಾಗ ಕುಗ್ಗುವುದು, ಇದಕ್ಕೆಲ್ಲ ಶೇ. 8ರಷ್ಟು ಸೇರಿಸಿದರೆ 2.8 ಮೀಟರ್. ಅಂದರೆ 28. ಲೈನಿಂಗಿಗೆ 6, ಬಟ್ಟೆ ಗಟ್ಟಿಯಾಗಿ ನಿಲ್ಲಲೆಂದು ಒಳಗೆ ಅಂಟಿಸುವ ಫ್ಯೂಸಿಂಗಿಗೆ 2.4, ಗುಂಡಿ, ಭುಜದ ಪ್ಯಾಡ್, ದಾರ, ಲೇಬಲ್, ಕವರ್ ಎಲ್ಲ ಸೇರಿ 3.6. ಒಟ್ಟು ಸಾಮಗ್ರಿ 40. ಕತ್ತರಿಸುವುದು, ಹೊಲಿಯುವುದು, ಇಸ್ತ್ರಿ ಮಾಡುವುದಕ್ಕೆ 30. ಕೂಡಿದರೆ 70.

ಹೆಚ್ಚಿನವರು ಇಲ್ಲಿ ಪೆನ್ನು ಕೆಳಗಿಡುತ್ತಾರೆ. 70ಕ್ಕೆ ಇನ್ನೊಂದು 70 ಸೇರಿಸಿ 140ಕ್ಕೆ ಮಾರುತ್ತಾರೆ, ಅರ್ಧಕ್ಕರ್ಧ ಲಾಭ ಎಂದುಕೊಳ್ಳುತ್ತಾರೆ. ಮುಂದಿನ ಸಾಲುಗಳೇ ಮುಖ್ಯ. ಪ್ಯಾಟರ್ನ್ ತಯಾರಿಗೆ 120, ಮೊದಲ ಸ್ಯಾಂಪಲ್ಲಿಗೆ 90, ತಿದ್ದಿದ ಸ್ಯಾಂಪಲ್ಲಿಗೆ 80, ಬೇರೆ ಬೇರೆ ಸೈಜಿಗೆ ಗ್ರೇಡಿಂಗ್ ಮಾಡಲು 70, ಒಟ್ಟು 360. ಈ ಮಾದರಿಯಲ್ಲಿ 30 ಕೋಟು ಮಾಡುವ ಅಂದಾಜಿದ್ದರೆ ಕೋಟೊಂದಕ್ಕೆ 12 ಬೀಳುತ್ತದೆ. ಬಟ್ಟೆ ತರಿಸುವ ಸಾಗಣೆ, ಪರೀಕ್ಷೆ, ಪ್ಯಾಕಿಂಗಿಗೆ 4. ಈಗ 86. ನೂರರಲ್ಲಿ ನಾಲ್ಕು ಕೋಟು ಕಲೆ, ತಪ್ಪು ಹೊಲಿಗೆ, ಬಣ್ಣದ ವ್ಯತ್ಯಾಸದಿಂದ ಮಾರಲು ಬಾರದೆ ಉಳಿಯುತ್ತವೆ ಎಂದು ಹಿಡಿದು 86ನ್ನು 0.96ರಿಂದ ಭಾಗಿಸಿ. ಸುಮಾರು 90. ಇದೇ ನಿಜವಾದ ಅಸಲು.

ಅಂಗಡಿಗೆ ಸಗಟಿನಲ್ಲಿ ಕೊಡುವ ಬೆಲೆ ಅಸಲಿನ ಎರಡರಿಂದ ಎರಡೂವರೆ ಪಟ್ಟು ಇರಬೇಕು. 2.2 ಪಟ್ಟು ಹಿಡಿದರೆ ಸುಮಾರು 200. ಅಂಗಡಿಯವರು ಅದರ ಮೇಲೆ ಮತ್ತೆ ಎರಡೂವರೆ ಪಟ್ಟಿನ ಆಸುಪಾಸು ಹಾಕುತ್ತಾರೆ, ಗಿರಾಕಿಗೆ 500. ಈ ಅಂಕಿ ನೋಡಿ ಹೊಸಬರು ಹೌಹಾರುತ್ತಾರೆ. ಅಂಗಡಿಯ ಬಾಡಿಗೆ, ಮಾರಾಟದವರ ಸಂಬಳ, ಸೀಸನ್ ಮುಗಿದಾಗ ರಿಯಾಯಿತಿಯಲ್ಲಿ ಕೊಡಬೇಕಾದ ಮಾಲು, ಎಲ್ಲವೂ ಆ ಎರಡೂವರೆ ಪಟ್ಟಿನೊಳಗೆ ಇದೆ. ಅಂಗಡಿಯೇ ಬೇಡ, ನಾನೇ ಆನ್‌ಲೈನಿನಲ್ಲಿ ಮಾರುತ್ತೇನೆ ಎಂದರೆ ಆ ಕೆಲಸಗಳೆಲ್ಲ ನಿಮ್ಮ ಹೆಗಲಿಗೆ ಬರುತ್ತವೆ: ಫೋಟೊ, ಜಾಹೀರಾತು, ಕೊರಿಯರ್, ವಾಪಸ್ ಬರುವ ಮಾಲು. ನೇರ ಮಾರಾಟವೆಂದು ಸಗಟು ಬೆಲೆಗೆ ಮಾರುತ್ತಾ ಬಂದವರು ಮುಂದೆ ಎಂದೂ ಅಂಗಡಿಗೆ ಮಾಲು ಕೊಡಲಾರರು. ಬೆಲೆ ಎರಡೂವರೆ ಪಟ್ಟಾದರೆ ಹಳೆಯ ಗಿರಾಕಿ ಬಿಟ್ಟುಹೋಗುತ್ತಾರೆ, ಆಗದಿದ್ದರೆ ಅಂಗಡಿಯವರಿಗೆ ಏನೂ ಉಳಿಯುವುದಿಲ್ಲ.

ಈಗ ಸ್ಥಿರ ಖರ್ಚು. ಸ್ಟುಡಿಯೊ ಬಾಡಿಗೆ, ಸಹಾಯಕರ ಸಂಬಳ, ಯಂತ್ರಗಳ ರಿಪೇರಿ, ವಿಮೆ, ಮತ್ತು ಇದನ್ನು ದಯವಿಟ್ಟು ಬರೆದುಕೊಳ್ಳಿ, ನಿಮ್ಮ ಸ್ವಂತ ಸಂಬಳ. ಆರು ತಿಂಗಳ ಸೀಸನ್ನಿಗೆ 22,000 ಎಂದುಕೊಳ್ಳಿ. 200ಕ್ಕೆ ಮಾರಿದರೆ ಕೋಟೊಂದಕ್ಕೆ 110 ಉಳಿಯುತ್ತದೆ; 200 ಉಡುಪು ಹೋದರೆ ಖರ್ಚು ಗಿಟ್ಟಿತು. 140ಕ್ಕೆ ಮಾರಿದರೆ ಉಳಿಯುವುದು 50. 440 ಉಡುಪು ಹೋಗಬೇಕು. ಅದೇ ಕೋಟು, ಅದೇ ಬಾಡಿಗೆ, ಅದೇ ಇಬ್ಬರು ಹೊಲಿಯುವವರು. ಹಗಲು ರಾತ್ರಿ ದುಡಿದರೂ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ ಎನ್ನುವವರ ಪುಸ್ತಕ ತೆರೆದು ನೋಡಿ. ಹೆಚ್ಚಿನ ಸಲ ಮಾರಾಟ ಕಡಿಮೆ ಇರುವುದಿಲ್ಲ, ಸ್ಯಾಂಪಲ್ಲಿನ 12 ಮತ್ತು ಸ್ವಂತ ಸಂಬಳ ಲೆಕ್ಕಕ್ಕೇ ಬಂದಿರುವುದಿಲ್ಲ.

ಯಾವುದನ್ನು ಮುಟ್ಟಬಾರದು

ಗಿರಾಕಿ 500 ಕೊಡುವುದಿಲ್ಲ, 400ರ ಮೇಲೆ ಏಳುವುದಿಲ್ಲ ಎಂದು ಗೊತ್ತಾಯಿತು ಅನ್ನಿ. ಆಗ ಹಿಂದಿನಿಂದ ಲೆಕ್ಕ ಮಾಡಬೇಕು. 400ನ್ನು 2.5ರಿಂದ ಭಾಗಿಸಿದರೆ ಸಗಟು ಬೆಲೆ 160; ಅದನ್ನು 2.2ರಿಂದ ಭಾಗಿಸಿದರೆ ಅಸಲು ಸುಮಾರು 73 ದಾಟಕೂಡದು. 90ರಲ್ಲಿ 17 ಇಳಿಸಬೇಕು.

ಎಲ್ಲರ ಕೈ ಮೊದಲು ಹೋಗುವುದು ಬಟ್ಟೆಯ ಮೇಲೆ, ಅಗ್ಗದ ಬಟ್ಟೆ ತರುತ್ತಾರೆ. ಉಣ್ಣೆಯ ಬದಲು ಅರ್ಧ ಪಾಲಿಯೆಸ್ಟರ್ ಬಂದ ಮೇಲೆ ಕಾಲರ್ ಇಳಿಬೀಳುವ ರೀತಿಯೇ ಬೇರೆಯಾಗುತ್ತದೆ, ಆವಿಗೆ ಬಟ್ಟೆ ಮಣಿಯುವುದಿಲ್ಲ, ತೋಳಿನ ತಲೆ ದುಂಡಗೆ ಕೂರುವುದಿಲ್ಲ. ವಿನ್ಯಾಸ ಸತ್ತ ಮೇಲೆ ಉಳಿಸಿದ ದುಡ್ಡಿಗೆ ಬೆಲೆಯಿಲ್ಲ. ನಾವು ಹೇಳುವ ಕ್ರಮ ಬೇರೆ. ಕೋಟನ್ನು ಗೊಂಬೆಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಈ ಕೋಟನ್ನು ಈ ಕೋಟಾಗಿಸಿರುವ ಒಂದು ಅಂಶ ಯಾವುದು ಎಂದು ಬರೆದಿಡಿ. ಬೆನ್ನಿನ ಆಳವಾದ ನಿರಿಗೆ ಇರಬಹುದು, ಭುಜದ ಕೆಳಗೆ ಇಳಿದ ತೋಳಿನ ಜೋಡಣೆ ಇರಬಹುದು. ಅದನ್ನು ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಚರ್ಚೆಗೆ ಬರುತ್ತದೆ.

ಒಳಕಾಲರನ್ನು ಒಂದೇ ತುಂಡಿನ ಬದಲು ನಡುವೆ ಹೊಲಿಗೆ ಹಾಕಿ ಎರಡು ತುಂಡು ಮಾಡಿ, ಹೆಮ್ಮಿನ ಅಗಲವಾದ ಘೇರನ್ನು ಕಿರಿದಾದ ಫಲಕಗಳಾಗಿ ಒಡೆದರೆ ತುಂಡುಗಳು ಬಟ್ಟೆಯ ಮೇಲೆ ಒತ್ತೊತ್ತಾಗಿ ಕೂರುತ್ತವೆ, 2.8 ಮೀಟರ್ ಇದ್ದದ್ದು 2.4ಕ್ಕೆ ಇಳಿಯಿತು ಎಂದುಕೊಳ್ಳೋಣ, 4 ಉಳಿಯಿತು. ಇಲ್ಲೊಂದು ಎಚ್ಚರ: ಫಲಕ ಹೆಚ್ಚಾದಷ್ಟೂ ಹೊಲಿಗೆಯ ನಿಮಿಷ ಹೆಚ್ಚುತ್ತದೆ, ಬಟ್ಟೆ ದುಬಾರಿಯಾಗಿದ್ದಾಗ ಮಾತ್ರ ಇದು ಲಾಭ. ರೋಮದ ದಿಕ್ಕಿರುವ ಬಟ್ಟೆಯಲ್ಲಿ ಎಲ್ಲ ತುಂಡನ್ನೂ ಒಂದೇ ದಿಕ್ಕಿಗೆ ಇಡಬೇಕಾಗುವುದರಿಂದ, ಚೌಕುಳಿಯಲ್ಲಿ ಗೆರೆಗೆ ಗೆರೆ ಕೂಡಿಸಬೇಕಾಗುವುದರಿಂದ ಈ ಉಳಿತಾಯ ಅಷ್ಟಾಗಿ ಸಿಗುವುದಿಲ್ಲ. ಎರಡು ಗುಂಡಿ ಕಡಿಮೆ ಮಾಡಿದರೆ 1. ಅಂಚುಕಟ್ಟಿ ಕತ್ತರಿಸುವ ಜೇಬಿನ ಬದಲು ಪಕ್ಕದ ಹೊಲಿಗೆಯೊಳಗೇ ಜೇಬು ಇಟ್ಟರೆ ಕೂಲಿಯಲ್ಲಿ 4. ಹಿಂದಿನ ಸೀಸನ್ನಿನ, ಮೈಗೆ ಸರಿಯಾಗಿ ಕೂತಿದ್ದ ಕೋಟಿನ ಮೂಲ ಪ್ಯಾಟರ್ನಿನ ಮೇಲೆ ಹೊಸದನ್ನು ಕಟ್ಟಿದರೆ ಒಂದೇ ಸ್ಯಾಂಪಲ್ಲಿನಲ್ಲಿ ಮುಗಿಯುತ್ತದೆ, 360ರ ಜಾಗದಲ್ಲಿ 180, ಕೋಟೊಂದಕ್ಕೆ 6 ಉಳಿತಾಯ. ಎಲ್ಲ ಕೂಡಿ 15; 86ರಲ್ಲಿ ಅದನ್ನು ಕಳೆದು 0.96ರಿಂದ ಭಾಗಿಸಿದರೆ ಅಸಲು 74ಕ್ಕೆ, ಗುರಿಯ 73ರ ಹತ್ತಿರಕ್ಕೆ, ಬಂದು ನಿಲ್ಲುತ್ತದೆ. ಬೆನ್ನಿನ ನಿರಿಗೆ ಹಾಗೇ ಇದೆ, ಉಣ್ಣೆಯೂ ಹಾಗೇ ಇದೆ.

ಈ ಕೆಲಸ ವಿನ್ಯಾಸಕ್ಕೆ ಹೊರತಾದದ್ದಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ತುಂಡುಗಳನ್ನು ಹೇಗೆ ಒಡೆಯಬೇಕು, ಬಟ್ಟೆ ಯಾವ ದಿಕ್ಕಿಗೆ ಓಡಬೇಕು ಎಂದು ತೀರ್ಮಾನಿಸುವುದು ಡಿಸೈನರ್‌ನ ಕೆಲಸವೇ. ಪ್ಯಾಟರ್ನ್ ಬರದವರು ಬೆಲೆ ಇಳಿಸಬೇಕಾದಾಗ ಬಟ್ಟೆಯ ಗುಣಮಟ್ಟವನ್ನು ಇಳಿಸುತ್ತಾರೆ, ಯಾಕೆಂದರೆ ಅವರ ಕೈಗೆ ಸಿಗುವುದು ಅದೊಂದೇ.

ಪ್ರಯೋಗಕ್ಕೆ ಎಷ್ಟು

20 ಉಡುಪುಗಳ ಸಣ್ಣ ಸಂಗ್ರಹವನ್ನು ತೆಗೆದುಕೊಳ್ಳಿ. ಅದರಲ್ಲಿ 12 ಉಡುಪು ಈಗಾಗಲೇ ಗೆದ್ದಿರುವ ಪ್ಯಾಟರ್ನಿನ ಮೇಲೆ, ಹೊಸ ಬಟ್ಟೆ ಅಥವಾ ಹೊಸ ಬಣ್ಣದಲ್ಲಿ ಬರಲಿ. 6 ಉಡುಪು ಹಳೆಯದರಿಂದ ಒಂದು ಹೆಜ್ಜೆ ಮುಂದೆ ಹೋದವಾಗಿರಲಿ. ಉಳಿದ 2 ನಿಮ್ಮ ಹುಚ್ಚಿಗೆ. ಆ ಎರಡಕ್ಕೆ ಸೀಸನ್ನಿನ ಒಟ್ಟು ಸ್ಯಾಂಪಲ್ ಖರ್ಚಿನಲ್ಲಿ ಇಷ್ಟು ಎಂದು, ನಮ್ಮ ಪ್ರಕಾರ ಶೇ. 20ರವರೆಗೆ, ಮೊದಲೇ ಬರೆದಿಡಿ. ಎರಡೇ ಉಡುಪಿಗೆ ಶೇ. 20 ಹೆಚ್ಚಾಯಿತು ಅನಿಸಬಹುದು. ಆದರೆ ಹೊಸ ಆಕಾರ ಎಂದರೆ ನಾಲ್ಕೈದು ಸಲ ಮಸ್ಲಿನ್‌ನಲ್ಲಿ (ಪರೀಕ್ಷೆಗೆ ಬಳಸುವ ಸರಳ ಹತ್ತಿಬಟ್ಟೆಯಲ್ಲಿ) ಕತ್ತರಿಸಿ ಬಿಸಾಡುವ ಕೆಲಸ, ಅದು ಅಗ್ಗವಲ್ಲ. ಹಣ ಮುಗಿದ ದಿನ ಆ ಉಡುಪು ಎಲ್ಲಿದೆಯೋ ಅಲ್ಲಿಗೆ ನಿಲ್ಲಬೇಕು. ಪ್ಯಾಟರ್ನನ್ನು ತಾರೀಖು ಹಾಕಿ ಎತ್ತಿಡಿ, ಮುಂದಿನ ಸೀಸನ್ನಿನ ಹಣದಲ್ಲಿ ಮುಂದುವರಿಸಿ. ಅಂಗಡಿಯವರು ಆ ಎರಡನ್ನು ಕೊಳ್ಳದಿದ್ದರೂ ಸೀಸನ್ ಮುಳುಗದಂತೆ ಇರಬೇಕು ಎಂಬುದೇ ಮಿತಿ ಹಾಕುವುದರ ಉದ್ದೇಶ.

ಜಪಾನಿನ ಡಿಸೈನರ್ ಇಸೆ ಮಿಯಾಕೆ ಅವರ ನಿರಿಗೆಗಳನ್ನು ನೋಡಿ. ಪಾಲಿಯೆಸ್ಟರಿನ ಉಡುಪನ್ನು ಬೇಕಾದ ಅಳತೆಗಿಂತ ಬಹಳ ದೊಡ್ಡದಾಗಿ ಮೊದಲೇ ಹೊಲಿದು, ಆಮೇಲೆ ಕಾಗದದ ಪದರಗಳ ನಡುವೆ ಇಟ್ಟು ಶಾಖ ಮತ್ತು ಒತ್ತಡ ಕೊಟ್ಟು ನಿರಿಗೆ ಕೂರಿಸುವ ವಿಧಾನವದು. ಬಟ್ಟೆಗೆ ನಿರಿಗೆ ಹಾಕಿ ಉಡುಪು ಹೊಲಿಯುವ ಹಳೆಯ ಕ್ರಮವನ್ನು ಅದು ತಿರುಗುಮುರುಗು ಮಾಡಿತು. 1980ರ ದಶಕದ ಕೊನೆಯಲ್ಲಿ ಪ್ರಯೋಗವಾಗಿದ್ದದ್ದು 1993ರಲ್ಲಿ 'ಪ್ಲೀಟ್ಸ್ ಪ್ಲೀಸ್' ಎಂಬ ಪ್ರತ್ಯೇಕ ಉಡುಪು ಶ್ರೇಣಿಯಾಯಿತು. ಒಗೆದರೂ ನಿರಿಗೆ ಹೋಗುವುದಿಲ್ಲ, ಇಸ್ತ್ರಿ ಬೇಡ, ಮಡಚಿ ಚೀಲದಲ್ಲಿ ತುರುಕಬಹುದು. ಪ್ರಯೋಗವೇ ಅನ್ನ ಹಾಕುವ ಮಾಲಾಯಿತು. ಜಪಾನಿನದೇ ಲೇಬಲ್ಲಾದ ಕಾಮ್ ದೆ ಗಾರ್ಸೋನಿನ ಡಿಸೈನರ್ ರೇ ಕವಾಕುಬೊ ಹಿಡಿದ ದಾರಿ ಬೇರೆ: ವೇದಿಕೆಯ ಮೇಲೆ ತೊಡಲಿಕ್ಕೇ ಕಷ್ಟವೆನಿಸುವ ಆಕಾರಗಳು, ಇನ್ನೊಂದು ಕಡೆ 2002ರಿಂದ ಹೃದಯದ ಗುರುತಿನ ಟೀ ಶರ್ಟುಗಳ 'ಪ್ಲೇ' ಶ್ರೇಣಿ, ಜತೆಗೆ ಸುಗಂಧದ್ರವ್ಯ, ಪರ್ಸುಗಳು. ಎರಡನ್ನೂ ಒಂದೇ ಉಡುಪಿನಲ್ಲಿ ಬೆರೆಸುವ ಗೊಡವೆಗೆ ಅವರು ಹೋಗಲಿಲ್ಲ. ಹೊಸಬರು ಜಾರುವುದು ಅಲ್ಲೇ. ಹುಚ್ಚಿನ ಉಡುಪನ್ನು ಸ್ವಲ್ಪ ಮಾರಾಟವಾಗುವಂತೆ ತಗ್ಗಿಸುತ್ತಾರೆ, ಮಾರಾಟದ ಉಡುಪಿಗೆ ಸ್ವಲ್ಪ ಹುಚ್ಚು ಸೇರಿಸುತ್ತಾರೆ. ಎರಡೂ ಹ್ಯಾಂಗರಿನಲ್ಲೇ ಉಳಿಯುತ್ತವೆ.

ಹಣ ಬರುವ ತಿಂಗಳು

ಲಾಭದಲ್ಲಿರುವಾಗಲೇ ಮುಚ್ಚಿಹೋಗುವ ಲೇಬಲ್ಲುಗಳಿವೆ. ಇದು ಒಗಟಲ್ಲ, ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತದೆ.

ಚಳಿಗಾಲದ ಸಂಗ್ರಹ ಎಂದುಕೊಳ್ಳಿ. ಅಂಗಡಿಯ ಖರೀದಿದಾರರು ಅದನ್ನು ನೋಡುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಅಷ್ಟರೊಳಗೆ ಸ್ಯಾಂಪಲ್ ಸಿದ್ಧವಿರಬೇಕಾದರೆ ಹಿಂದಿನ ಸೆಪ್ಟೆಂಬರಿನಲ್ಲೇ ಬಟ್ಟೆ ಆರಿಸಿ ಹಣ ಕೊಟ್ಟಿರಬೇಕು. ಮಾರ್ಚ್ ಕೊನೆಗೆ ಆರ್ಡರ್ ಬರುತ್ತದೆ. ಏಪ್ರಿಲ್‌ನಲ್ಲಿ ಮಿಲ್ಲಿಗೆ ಮುಂಗಡ ಕೊಟ್ಟು ಬಟ್ಟೆ ಹೇಳಿದರೆ ಬರಲು 8ರಿಂದ 10 ವಾರ. ಜೂನ್, ಜುಲೈನಲ್ಲಿ ಹೊಲಿಗೆ, ಕೂಲಿ ವಾರವಾರ ಕೊಡಬೇಕು. ಆಗಸ್ಟ್‌ನಲ್ಲಿ ಮಾಲು ಅಂಗಡಿ ಸೇರುತ್ತದೆ. ಬಿಲ್ಲಿನ ಮೇಲೆ 60 ದಿನ ಎಂದಿದ್ದರೆ ಹಣ ಅಕ್ಟೋಬರಿನಲ್ಲಿ, ತಡವಾದರೆ ನವೆಂಬರಿನಲ್ಲಿ. ಮೊದಲ ಹಣ ಕೈಬಿಟ್ಟು 13, 14 ತಿಂಗಳು. ಈ ನಡುವೆ ಬೇಸಿಗೆಯ ಸಂಗ್ರಹದ ಸ್ಯಾಂಪಲ್ ಬೇರೆ ಸೆಪ್ಟೆಂಬರಿಗೆ ಸಿದ್ಧವಾಗಬೇಕು.

ಆದ್ದರಿಂದ ದೊಡ್ಡ ಆರ್ಡರ್ ಬಂದರೆ ಕುಣಿದಾಡುವ ಮೊದಲು ಕೂತು ಲೆಕ್ಕ ಹಾಕಬೇಕು. ನಮ್ಮ ಮೊದಲ ಕೋಟಿನಲ್ಲಿ ಸ್ಯಾಂಪಲ್ ಖರ್ಚು ಆಗಲೇ ಆಗಿಹೋಗಿದೆ, 86ರಲ್ಲಿ ಆ 12 ಕಳೆದು 0.96ರಿಂದ ಭಾಗಿಸಿದರೆ ಉತ್ಪಾದನೆಗೆ ಒಂದಕ್ಕೆ ಸುಮಾರು 77 ಬೇಕು. 100 ಕೋಟುಗಳಿಗೆ 7,700. 300ಕ್ಕೆ 23,100, ಅದೂ ಒಂದು ಪೈಸೆ ಬರುವ ಮುಂಚೆ. ಕೈಯಲ್ಲಿ 10,000 ಇರುವವರು 300ರ ಆರ್ಡರಿಗೆ ಹೂಂ ಎಂದರೆ ಅರ್ಧ ಹೊಲಿಗೆಯಲ್ಲಿ ಹಣ ಮುಗಿಯುತ್ತದೆ, ಮಾಲು ತಡವಾಗುತ್ತದೆ. ಆರ್ಡರ್ ಕಾಗದದಲ್ಲಿ ಒಂದು ಕೊನೆಯ ತಾರೀಖು ಇರುತ್ತದೆ. ಅದು ದಾಟಿದರೆ ಅಂಗಡಿಯವರು ಮಾಲನ್ನು ನಿರಾಕರಿಸಬಹುದು, ಅಥವಾ ತೆಗೆದುಕೊಂಡು ಬೆಲೆ ಕಡಿತ ಮಾಡಬಹುದು. ಹಣವೂ ಹೋಯಿತು, ಹೆಸರೂ ಹೋಯಿತು.

ಹೊಸ ಅಂಗಡಿಯಿಂದ ಆರ್ಡರಿನ ಜತೆಗೇ ಶೇ. 30ರಿಂದ 50 ಮುಂಗಡ ಕೇಳಿ, ಬಾಕಿ ಮಾಲು ಕಳಿಸುವ ಮುಂಚೆ. ಕೇಳಲು ಸಂಕೋಚ ಬೇಡ, ಸಣ್ಣ ಲೇಬಲ್ಲುಗಳ ವ್ಯವಹಾರದಲ್ಲಿ ಇದು ನಡೆದುಬಂದದ್ದೇ. ಕೊಡುವುದಿಲ್ಲ ಎಂದರೆ ಕೈಯಲ್ಲಿರುವ ಹಣಕ್ಕೆ ತಕ್ಕಷ್ಟು ಕೋಟು ಮಾತ್ರ ಒಪ್ಪಿಕೊಳ್ಳಿ. ಮಾರಿದ ಮೇಲೆ ಹಣ ಎನ್ನುವ ಅಂಗಡಿಗಳಿವೆ. ಅಂಥಲ್ಲಿ ಬಂಡವಾಳ ನಿಮ್ಮದು, ಷೋಕೇಸ್ ಅವರದು. ಕೊಡಲೇಬೇಕೆಂದಾದರೆ ಹಿಂದಿನ ಸೀಸನ್ನಿನ ಉಳಿದ ಮಾಲು ಕೊಡಿ, ತಿಂಗಳಿಗೊಮ್ಮೆ ಲೆಕ್ಕ, ಕಳೆದುಹೋದರೆ ಅಂಗಡಿಯದೇ ಹೊಣೆ ಎಂದು ಬರೆಸಿಕೊಳ್ಳಿ. ಈ ಊರಿನಲ್ಲಿ ನಮಗೊಬ್ಬರಿಗೇ ಕೊಡಬೇಕು ಎಂದು ಕೇಳುವವರು ಸೀಸನ್ನಿಗೆ ಕನಿಷ್ಠ ಇಷ್ಟು ಖರೀದಿ ಎಂದು ಒಪ್ಪಿದರೆ ಮಾತ್ರ ಸರಿ.

ಗಿರಾಕಿಯಿಂದ ಪೂರ್ತಿ ಹಣ ಪಡೆದು ಮೂರರಿಂದ ಆರು ವಾರದಲ್ಲಿ ಹೊಲಿದುಕೊಡುವ ಕ್ರಮದಲ್ಲಿ ಈ ಅಂತರವೇ ಇರುವುದಿಲ್ಲ, ಉಳಿಕೆ ಮಾಲೂ ಇರುವುದಿಲ್ಲ. ಆದರೆ ಒಂದೊಂದೇ ಕೋಟು ಕತ್ತರಿಸುವಾಗ ಬಟ್ಟೆ ಹೆಚ್ಚು ಹಿಡಿಯುತ್ತದೆ, ಕೂಲಿಯೂ ಏರುತ್ತದೆ. ಅಸಲಿನಲ್ಲಿ ಅದನ್ನು ಸೇರಿಸಿ. ಅಳತೆ ಕೊಟ್ಟು ಹೊಲಿಸುವವರಿಗೆ ಎರಡು ಟ್ರಯಲ್ ಬೆಲೆಯೊಳಗೆ, ಮೂರನೆಯದರಿಂದ ಪ್ರತ್ಯೇಕ ಬಿಲ್ ಎಂದು ಮೊದಲ ದಿನವೇ ಹೇಳಬೇಕು.

ಬಟ್ಟೆ, ಸೈಜು, ಬಣ್ಣ

ಮಿಲ್ಲುಗಳು ಕನಿಷ್ಠ ಇಷ್ಟು ಮೀಟರ್ ಎಂದು ಷರತ್ತು ಹಾಕುತ್ತವೆ. 300 ಮೀಟರ್ ಎಂದುಕೊಳ್ಳಿ. 40 ಕೋಟುಗಳಿಗೆ ಬೇಕಾದದ್ದು 112 ಮೀಟರ್. ಉಳಿದ 188 ಮೀಟರ್ ಕಪಾಟಿನಲ್ಲಿ ಕೂತಿದೆ ಎಂದರೆ ಮುಂದಿನ ಸಂಗ್ರಹದ ಹಣ ಅಲ್ಲಿ ಕೂತಿದೆ ಎಂದರ್ಥ. ಹಾಗಾಗಿ ಚಿತ್ರ ಬರೆಯುವಾಗಲೇ ಒಂದೇ ಬಟ್ಟೆಯಲ್ಲಿ ಕೋಟು, ಪ್ಯಾಂಟು, ಸ್ಕರ್ಟು ಮೂರನ್ನೂ ಯೋಚಿಸಬೇಕು. ಕಾರ್ಖಾನೆಗಳಲ್ಲಿ ಉಳಿದ ಬಟ್ಟೆ ಅಗ್ಗಕ್ಕೆ ಸಿಗುತ್ತದೆ, ಆದರೆ ಮತ್ತೆ ಸಿಗುವುದಿಲ್ಲ. ಅದನ್ನು ಹುಚ್ಚಿನ ಎರಡು ಉಡುಪಿಗೆ, ಅಥವಾ ಎಣಿಸಿ ಮಾಡುವ ಮಾಲಿಗೆ ಇಟ್ಟುಕೊಳ್ಳಿ. ಅಂಗಡಿಗೆ ತೋರಿಸುವ ಸ್ಯಾಂಪಲ್ಲಿಗೆ ಹಾಕಿದರೆ ಆರ್ಡರ್ ಬಂದ ದಿನ ತೊಂದರೆ.

ಬಟ್ಟೆ ಬಂದ ಕೂಡಲೇ 50 ಸೆಂಟಿಮೀಟರ್ ಚೌಕ ಗುರುತು ಹಾಕಿ, ಗಿರಾಕಿ ಮಾಡುವ ರೀತಿಯಲ್ಲೇ ಒಗೆದು ಅಥವಾ ಆವಿ ಕೊಟ್ಟು ಮತ್ತೆ ಅಳೆಯಿರಿ. ಒಂದೂವರೆ ಸೆಂಟಿಮೀಟರ್ ಕುಗ್ಗಿದರೆ ಶೇ. 3, 100 ಸೆಂಟಿಮೀಟರ್ ಉದ್ದದ ಕೋಟು 3 ಸೆಂಟಿಮೀಟರ್ ಮೇಲೇರುತ್ತದೆ. ಅದನ್ನು ಪ್ಯಾಟರ್ನಿಗೆ ಸೇರಿಸಬೇಕು, ಇಲ್ಲವೇ ಬಟ್ಟೆಯನ್ನು ಮೊದಲೇ ಕುಗ್ಗಿಸಿಕೊಳ್ಳಬೇಕು. ಒಂದು ಉಡುಪಿನ ಎಲ್ಲ ತುಂಡೂ ಒಂದೇ ಥಾನಿನಿಂದ ಬರಲಿ. ಥಾನಿನಿಂದ ಥಾನಿಗೆ ಬಣ್ಣದ ಛಾಯೆ ಬದಲಾಗುತ್ತದೆ, ಸ್ಟುಡಿಯೊ ದೀಪದಲ್ಲಿ ಕಾಣದ್ದು ಹಗಲು ಬೆಳಕಿನಲ್ಲಿ ಎದ್ದು ಕಾಣುತ್ತದೆ. 5 ಸೈಜು, 3 ಬಣ್ಣ, ಒಂದೊಂದರಲ್ಲಿ 4 ಎಂದರೆ 60 ಉಡುಪು. ಒಂದು ಬಣ್ಣ ಕೈಬಿಟ್ಟರೆ 40. ಸೈಜು ಕಡಿಮೆ ಮಾಡುವುದಕ್ಕಿಂತ ಬಣ್ಣ ಕಡಿಮೆ ಮಾಡುವುದು ಒಳ್ಳೆಯದು. ಮೈಗೆ ಹಿಡಿಸದವರು ಬರಿಗೈಯಲ್ಲಿ ಹೋಗುತ್ತಾರೆ, ಬಣ್ಣ ಇಲ್ಲದವರು ಇನ್ನೊಂದನ್ನು ಒಪ್ಪಿಕೊಳ್ಳುವುದುಂಟು.

ಬೇರೆಯವರಿಗೆ ದುಡಿಯುವುದು

ಸ್ವಂತ ಲೇಬಲ್ ಹೊಟ್ಟೆ ತುಂಬಿಸುವವರೆಗೆ ಬೇರೆ ಕಡೆ ದುಡಿಯುವುದು ಸೋಲಲ್ಲ. ಬ್ರಿಟಿಷ್ ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ 1996ರಿಂದ 2001ರವರೆಗೆ ಪ್ಯಾರಿಸ್ಸಿನ ಫ್ಯಾಷನ್ ಸಂಸ್ಥೆ ಜಿವಾಂಶಿಯಲ್ಲಿ ಕೆಲಸ ಮಾಡುತ್ತಲೇ ಸ್ವಂತ ಲೇಬಲ್ ನಡೆಸಿದರು, ಅಲ್ಲಿನ ಸಂಬಳ ಇಲ್ಲಿನ ಪ್ರದರ್ಶನಗಳಿಗೆ ಬಂತು. ಬೆಲ್ಜಿಯಮ್ಮಿನ ಡಿಸೈನರ್ ಮಾರ್ಟಿನ್ ಮಾರ್ಜೆಲಾ 1997ರಿಂದ 2003ರವರೆಗೆ ಪ್ಯಾರಿಸ್ಸಿನದೇ ಆದ ಎರ್ಮೆಸ್‌ಗೆ ಉಡುಪು ಮಾಡಿಕೊಟ್ಟರು.

ಬಿಡಿ ಕೆಲಸ ಹಿಡಿಯುವವರು ದಿನದ ದರ ಹೀಗೆ ತೆಗೆಯಬೇಕು. ವಾರಕ್ಕೆ 5ರಂತೆ ವರ್ಷಕ್ಕೆ 260 ದಿನ. ರಜೆ, ಕಾಯಿಲೆಗೆ 30 ಕಳೆಯಿರಿ. ಸ್ವಂತ ಲೇಬಲ್ಲಿಗೆ 90 ದಿನ ಎತ್ತಿಡಿ. ಉಳಿದ 140ರಲ್ಲಿ ಕೆಲಸ ಹುಡುಕುವುದು, ಭೇಟಿ, ಬಿಲ್ ಬರೆಯುವುದು, ವಸೂಲಿಗೆ ಓಡಾಡುವುದು ಇದಕ್ಕೇ ಶೇ. 30 ಹೋಗುತ್ತದೆ. ಹಣ ಸಿಗುವ ದಿನ ಸುಮಾರು 100. ಮನೆ ಖರ್ಚು, ತೆರಿಗೆ, ಕಷ್ಟಕಾಲಕ್ಕೆ ಎತ್ತಿಡುವುದು ಸೇರಿ ವರ್ಷಕ್ಕೆ 20,000 ಬೇಕಿದ್ದರೆ ದಿನಕ್ಕೆ 200. ಅದೇ 20,000ವನ್ನು 260ರಿಂದ ಭಾಗಿಸುವವರು 77 ಕೇಳುತ್ತಾರೆ, ವರ್ಷದ ಕೊನೆಗೆ ಲೇಬಲ್ಲಿಗೆಂದು ಎತ್ತಿಟ್ಟ 90 ದಿನವನ್ನೂ ಮಾರಿಕೊಂಡಿರುತ್ತಾರೆ. ಎಷ್ಟು ಸಲ ತಿದ್ದಿಕೊಡುವುದು, ಅರ್ಧಕ್ಕೆ ನಿಲ್ಲಿಸಿದರೆ ಎಷ್ಟು, ಅವರು ಬಳಸದ ಚಿತ್ರಗಳು ಯಾರದು, ಈ ಮೂರು ಒಪ್ಪಂದದಲ್ಲಿ ಇರಲೇಬೇಕು.

ಹೆಸರನ್ನು ಬಳಸಲು ಕೊಡುವಾಗ ಇನ್ನೂ ಎಚ್ಚರ ಬೇಕು. 1940ರ ದಶಕದ ಕೊನೆಯಲ್ಲಿ ಕಾಲುಚೀಲದ ಕಂಪನಿಯೊಂದು ಪ್ಯಾರಿಸ್ಸಿನ ಡಿಸೈನರ್ ಕ್ರಿಸ್ಟಿಯಾನ್ ದಿಯೋರ್ ಅವರಿಗೆ ಹೆಸರಿಗಾಗಿ ಒಂದೇ ಮೊತ್ತ ಕೊಡಲು ಬಂದಾಗ ಅವರು ಮಾರಾಟದಲ್ಲಿ ಪಾಲು ಕೇಳಿದರು. ಹೆಸರನ್ನು ಬಳಸಲು ಕೊಟ್ಟು ಪಾಲು ಪಡೆಯುವ ಫ್ಯಾಷನ್ನಿನ ಲೈಸೆನ್ಸ್ ವ್ಯವಹಾರ ಅದೇ ದಾರಿಯಲ್ಲಿ ಬೆಳೆಯಿತು. ಅಮೆರಿಕದ ಡಿಸೈನರ್ ಹಾಲ್‌ಸ್ಟನ್ 1973ರಲ್ಲಿ ಕಂಪನಿಯ ಜತೆಗೆ ಹೆಸರನ್ನೂ ಮಾರಿದರು. ಕಂಪನಿ ಕೈ ಬದಲಾಗುತ್ತಾ ಹೋಗಿ, 1984ರ ಹೊತ್ತಿಗೆ ತನ್ನ ಹೆಸರಿನ ಉಡುಪನ್ನು ತಾನೇ ವಿನ್ಯಾಸ ಮಾಡಲಾಗದ ಸ್ಥಿತಿ ಬಂತು. ಪಾಲುದಾರರು ಬರುವಾಗ ಕಂಪನಿಯ ಷೇರು ಕೊಡಿ, ಟ್ರೇಡ್‌ಮಾರ್ಕನ್ನು ನಿಮ್ಮ ಹೆಸರಿನಲ್ಲೇ ಇಟ್ಟುಕೊಂಡು ಕಂಪನಿಗೆ ಬಳಕೆಯ ಹಕ್ಕು ಮಾತ್ರ ಕೊಡಿ. ಅದಕ್ಕೆ ಒಪ್ಪದಿದ್ದರೆ, ನೀವು ಹೊರಬಿದ್ದ ದಿನ ಹೆಸರು ಏನಾಗುತ್ತದೆ ಎಂದಾದರೂ ಬರೆಸಿಕೊಳ್ಳಿ. ಸ್ವಂತ ಹೆಸರಿನ ಬದಲು ಬೇರೊಂದು ಹೆಸರಿನಲ್ಲಿ ಲೇಬಲ್ ಶುರುಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ಸಭಿಕರ ಎರಡು ಪ್ರಶ್ನೆಗಳು

ಪ್ರಚಾರಕ್ಕೆಂದು ಉಡುಪನ್ನು ಉಚಿತವಾಗಿ ಕೊಡಬೇಕೆ?

ಕೊಡುವುದಾದರೆ ಎರವಲು ಕೊಡಿ. ಯಾವ ಉಡುಪು, ಯಾವ ದಿನ ವಾಪಸ್, ಹಾಳಾದರೆ ಎಷ್ಟು ಎಂದು ಒಂದು ಚೀಟಿಯಲ್ಲಿ ಸಹಿ ಹಾಕಿಸಿಕೊಳ್ಳಿ. ನಿಮ್ಮಲ್ಲಿರುವುದು ಒಂದೇ ಸ್ಯಾಂಪಲ್ ಆಗಿದ್ದು, ಅದು ಖರೀದಿದಾರರು ಬರುವ ವಾರದಲ್ಲಿ ಬೇರೆಯವರ ಬಳಿ ಸಿಕ್ಕಿಕೊಂಡರೆ ಆಗುವ ನಷ್ಟ ಒಂದು ಫೋಟೊದಿಂದ ತುಂಬುವುದಿಲ್ಲ. ಕೊಟ್ಟದ್ದನ್ನು ಪ್ರಚಾರದ ಖರ್ಚೆಂದು ಅಸಲಿನ ಬೆಲೆಯಲ್ಲಿ ಪುಸ್ತಕದಲ್ಲಿ ಬರೆಯಿರಿ. ಆರು ತಿಂಗಳ ನಂತರ ಅದರಿಂದ ಎಷ್ಟು ಆರ್ಡರ್ ಬಂತು ಎಂದು ನೋಡಿದರೆ ಮುಂದೆ ಕೊಡಬೇಕೋ ಬೇಡವೋ ತಿಳಿಯುತ್ತದೆ.

ಲೇಬಲ್ ನಿಲ್ಲಿಸಬೇಕೆಂದು ಯಾವಾಗ ತೀರ್ಮಾನಿಸುವುದು?

ಮನಸ್ಸು ಚೆನ್ನಾಗಿರುವ ದಿನವೇ ಅಂಕಿಯನ್ನು ಬರೆದಿಡಿ, ಸಾಲ ಕೊಟ್ಟವರು ಬಾಗಿಲು ತಟ್ಟುವಾಗ ಅಲ್ಲ. ನಾವು ಸೂಚಿಸುವುದು ಇದನ್ನು: ಸತತ ಎರಡು ಸೀಸನ್ ನಿಮ್ಮ ಸಂಬಳ ಬಿಟ್ಟು ಉಳಿದ ಸ್ಥಿರ ಖರ್ಚೂ ಗಿಟ್ಟದಿದ್ದರೆ, ಅಥವಾ ಮೂರು ತಿಂಗಳ ಬಾಡಿಗೆ ಮತ್ತು ಕೂಲಿಗಾಗುವಷ್ಟು ಹಣ ಬ್ಯಾಂಕಿನಲ್ಲಿ ಇಲ್ಲದಿದ್ದರೆ ಮುಂದಿನ ಸಂಗ್ರಹವನ್ನು ಶುರುಮಾಡಬೇಡಿ. ಅದು ಪೂರ್ತಿ ಮುಚ್ಚಬೇಕೆಂದಲ್ಲ. ಹೊಸ ಅಂಗಡಿ ಆರ್ಡರ್ ನಿಲ್ಲಿಸಿ, ಜಾಗ ಸಣ್ಣದು ಮಾಡಿ, ಮುಂಗಡ ಪಡೆದು ಹೊಲಿಯುವ ಕೆಲಸವನ್ನಷ್ಟೇ ಇಟ್ಟುಕೊಳ್ಳಿ. ಕೈಯಲ್ಲಿರುವ ಹಣದಲ್ಲಿ ಮೊದಲು ಹೊಲಿದವರ ಕೂಲಿ ತೀರಿಸಿ, ಆಮೇಲೆ ಗಿರಾಕಿಗಳ ಮುಂಗಡ, ಬಟ್ಟೆಯವರ ಬಾಕಿಗೆ ಕಂತು ಕೇಳಿ. ಪ್ಯಾಟರ್ನುಗಳನ್ನು ಅಸಲಿನ ಹಾಳೆಯ ಸಮೇತ ಕಟ್ಟಿಡಿ. ಟ್ರೇಡ್‌ಮಾರ್ಕ್ ನವೀಕರಣ ಹೆಚ್ಚಿನ ದೇಶಗಳಲ್ಲಿ 10 ವರ್ಷಕ್ಕೊಮ್ಮೆ ಬರುತ್ತದೆ, ಆ ತಾರೀಖನ್ನು ತಪ್ಪಿಸಬೇಡಿ. ಆದರೆ ಕೆಲವು ವರ್ಷ ಬಳಸದೆ ಬಿಟ್ಟರೂ ಬೇರೆಯವರು ನೋಂದಣಿಯನ್ನು ಪ್ರಶ್ನಿಸಬಹುದು, ಹಾಗಾಗಿ ವರ್ಷಕ್ಕೆ ನಾಲ್ಕು ಕೋಟಾದರೂ ಆ ಲೇಬಲ್ಲಿನಲ್ಲಿ ಹೊಲಿದು ಮಾರಿ, ಬಿಲ್ಲುಗಳನ್ನು ಜೋಪಾನವಾಗಿಡಿ.